ಹಳೆಯ ವಿದ್ಯುತ್ ಸ್ಪೋರ್ಟ್ಸ್ ಕಾರಿಗೆ ಬೆಲೆ ಕಟ್ಟುವುದು ಹೇಗೆ?



ದನದ ಜಾತ್ರೆಗೆ ಹೋದ ರೈತ ಎತ್ತಿನ ಮೈಹೊಳಪಿಗೆ ಮರುಳಾಗುವುದಿಲ್ಲ. ಕೊಂಬಿಗೆ ಬಳಿದ ಬಣ್ಣ, ಕೊರಳಿನ ಗೆಜ್ಜೆ, ಬೆನ್ನಿನ ಮೇಲಿನ ಜೂಲು ಎಲ್ಲವನ್ನೂ ಒಂದು ಸಲ ನೋಡುತ್ತಾನೆ. ಆಮೇಲೆ ನೇರವಾಗಿ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ವಯಸ್ಸು ಸುಳ್ಳು ಹೇಳದೆ ಕುಳಿತಿರುವುದು ಅಲ್ಲಿ. ಹಳೆಯ ಪೆಟ್ರೋಲ್ ಕಾರು ಕೊಳ್ಳುವವರೂ ತಮ್ಮ ಮಟ್ಟಿಗೆ ಹೀಗೆಯೇ ಮಾಡುತ್ತಾರೆ. ಮೀಟರಿನಲ್ಲಿ ಎಷ್ಟು ಕಿಲೋಮೀಟರು, ಎಂಜಿನ್ನಿನ ಸದ್ದು ಹೇಗಿದೆ, ಹೊಗೆಯ ಬಣ್ಣ ಯಾವುದು ಎಂದು ನೋಡುತ್ತಾರೆ.

ವಿದ್ಯುತ್ ಕಾರಿನಲ್ಲಿ ಹೊಗೆ ಇಲ್ಲ, ಎಂಜಿನ್ನಿನ ಸದ್ದೂ ಇಲ್ಲ. ಮೀಟರಿನ ಕಿಲೋಮೀಟರು ಇದೆ. ಆದರೆ ಅದು ಅರ್ಧ ಸತ್ಯ ಮಾತ್ರ ಹೇಳುತ್ತದೆ. ಹಾಗಾದರೆ ಇಲ್ಲಿ ನೋಡಬೇಕಾದ ಹಲ್ಲು ಯಾವುದು? ಪರದೆಯ ಮೇಲಿನ ಮಾತುಕತೆಯಲ್ಲಿ ಕಾಲಾವಕಾಶ ಸಾಲದೆ ಬಿಟ್ಟುಹೋಗುವ ಲೆಕ್ಕಗಳನ್ನು ಬಿಡುವಾಗಿ ಹೇಳುವುದಕ್ಕೆ ಈ ಪುಟಗಳಿವೆ. ಆದ್ದರಿಂದ ಈ ಪ್ರಶ್ನೆಯನ್ನು ಇಲ್ಲಿ ಸಾವಕಾಶವಾಗಿ ಬಿಡಿಸಿ ನೋಡೋಣ.

'ಸ್ಪೋರ್ಟ್ಸ್ ಕಾರು ನಮಗೇಕೆ?' ಎಂದು ನೀವು ಕೇಳಬಹುದು. ಕಾರಣವಿದೆ. ಲಿಥಿಯಂ ಬ್ಯಾಟರಿಯ ಕಾರುಗಳಲ್ಲಿ ಮೊದಲು ಮುಪ್ಪಿಗೆ ಬಂದವುಗಳ ಪೈಕಿ ಒಂದು ಸ್ಪೋರ್ಟ್ಸ್ ಕಾರೂ ಇದೆ. ಅದನ್ನು ಕೊಂಡವರು ಲಾಭ ಮಾಡಿದ್ದಾರೆ, ಕೈ ಸುಟ್ಟುಕೊಂಡೂ ಇದ್ದಾರೆ. ಅವರು ಕಲಿತ ಪಾಠ ನಾಳೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಹಳೆಯ ವಿದ್ಯುತ್ ಕಾರು ಕೊಳ್ಳಹೊರಟ ನಮ್ಮ ನಿಮ್ಮಂಥವರಿಗೂ ಅನ್ವಯಿಸುತ್ತದೆ.

ಯಾವ ಕಾರಿನ ಮಾತು?

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2003ರಲ್ಲಿ ಹುಟ್ಟಿದ ಟೆಸ್ಲಾ ಕಂಪನಿಯ ಮೊದಲ ಕಾರಿನ ಹೆಸರು ರೋಡ್‌ಸ್ಟರ್. 2008ರಿಂದ 2012ರವರೆಗೆ ಸುಮಾರು 2,450 ಕಾರುಗಳು ಮಾರಾಟವಾದವು. ಇದೇ ಹೆಸರಿನ ಇನ್ನೊಂದು ಮಾದರಿಯನ್ನು ಕಂಪನಿ 2017ರಲ್ಲಿ ಪ್ರಕಟಿಸಿತು. ನಮ್ಮ ಮಾತು ಅದರದ್ದಲ್ಲ, ಮೊದಲ ತಲೆಮಾರಿನದು.

ಇಂಗ್ಲೆಂಡಿನ ಲೋಟಸ್ ಕಂಪನಿಯ ನೆರವಿನಿಂದ ಸಿದ್ಧವಾದ ಅಲ್ಯೂಮಿನಿಯಂ ಚೌಕಟ್ಟು, ಮೇಲೆ ಕಾರ್ಬನ್ ಫೈಬರಿನ ಹಗುರ ಮೈ, ಇಬ್ಬರಿಗೆ ಮಾತ್ರ ಆಸನ. ನಿಂತಲ್ಲಿಂದ ಗಂಟೆಗೆ 60 ಮೈಲು ವೇಗ ಮುಟ್ಟಲು 4 ಸೆಕೆಂಡು ಸಾಕು. ಹೊಸದಾಗಿದ್ದಾಗ ಬೆಲೆ ಸುಮಾರು ಒಂದು ಲಕ್ಷ ಡಾಲರ್. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಳತೆಯ ಪ್ರಕಾರ ಒಂದು ಪೂರ್ಣ ಚಾರ್ಜಿಗೆ 244 ಮೈಲು, ಅಂದರೆ ಸುಮಾರು 393 ಕಿಲೋಮೀಟರು ಓಡಬಲ್ಲದು.

ಆಸನದ ಹಿಂದೆ ಕುಳಿತ ಬ್ಯಾಟರಿ ಪೆಟ್ಟಿಗೆಯ ತೂಕ ಸುಮಾರು 450 ಕಿಲೋಗ್ರಾಂ. ಅದರಲ್ಲಿ ಹಿಡಿಯುವ ವಿದ್ಯುತ್ತು 53 ಕಿಲೋವಾಟ್-ಗಂಟೆ. ನಮ್ಮ ಮನೆಯ ಮೀಟರಿನ ಭಾಷೆಯಲ್ಲಿ 53 ಯೂನಿಟ್. ಒಳಗೆ ಇರುವುದು 6,831 ಸಣ್ಣ ಕೋಶಗಳು. ಒಂದೊಂದೂ ಟಾರ್ಚಿನ ಪೆನ್ಸಿಲ್ ಸೆಲ್ಲಿಗಿಂತ ತುಸು ದಪ್ಪ. ಆ ಕಾಲದ ಲ್ಯಾಪ್‌ಟಾಪ್ ಕಂಪ್ಯೂಟರುಗಳಲ್ಲಿ ಇರುತ್ತಿದ್ದ ಜಾತಿಯದು.

ಈ ಕೋಶಗಳನ್ನು ಜೋಡಿಸಿರುವ ಕ್ರಮ ತಿಳಿದರೆ ಮುಂದಿನ ಮಾತು ಸುಲಭ. 69 ಕೋಶಗಳನ್ನು ಅಕ್ಕಪಕ್ಕ ಸಮಾಂತರವಾಗಿ ಕೂಡಿಸಿದರೆ ಒಂದು 'ಇಟ್ಟಿಗೆ'. ಅಂಥ 9 ಇಟ್ಟಿಗೆಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿದರೆ ಒಂದು 'ಹಾಳೆ'. ಅಂಥ 11 ಹಾಳೆಗಳು ಸೇರಿದರೆ ಪೂರ್ತಿ ಬ್ಯಾಟರಿ. ಒಟ್ಟು 99 ಇಟ್ಟಿಗೆಗಳು ಸಾಲಾಗಿ ನಿಂತಿವೆ ಎಂಬುದನ್ನು ನೆನಪಿಟ್ಟುಕೊಳ್ಳಿ.

ಬ್ಯಾಟರಿಗೆ ಮುಪ್ಪು ಬರುವುದು ಹೇಗೆ?

ನಮ್ಮ ಊರಿನ ಕೆರೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಒಳ್ಳೆಯ ಮಳೆ ಬಂದ ವರ್ಷ ಕೆರೆ ತುಂಬಿ ಕೋಡಿ ಬೀಳುತ್ತದೆ. ಏರಿಯ ಮೇಲೆ ನಿಂತವರಿಗೆ ಕೆರೆ ತುಂಬಿದೆ ಎಂದೇ ಕಾಣುತ್ತದೆ. ಆದರೆ ನೂರು ವರ್ಷದಿಂದ ತಳದಲ್ಲಿ ಹೂಳು ಸೇರಿದೆ. ತುಂಬಿದ ಕೆರೆಯೇ ಹೌದು, ನೀರು ಮಾತ್ರ ಅಜ್ಜನ ಕಾಲದಷ್ಟಿಲ್ಲ. ಆದ್ದರಿಂದಲೇ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ.

ಲಿಥಿಯಂ ಬ್ಯಾಟರಿಯಲ್ಲಿ ನಡೆಯುವುದೂ ಇಂಥದೇ. ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಒಂದು ಧ್ರುವದಿಂದ ಹೊರಟು ಇನ್ನೊಂದು ಧ್ರುವದ ಗ್ರಾಫೈಟ್ ಪದರಗಳ ನಡುವೆ ಹೋಗಿ ಕೂರುತ್ತವೆ. ಕಾರು ಓಡುವಾಗ ಮರಳಿ ಬರುತ್ತವೆ. ಈ ಓಡಾಟದಲ್ಲಿ ಗ್ರಾಫೈಟಿನ ಮೇಲೆ ಒಂದು ತೆಳುವಾದ ಪೊರೆ ಕಟ್ಟುತ್ತದೆ. ಮೊದಮೊದಲು ಆ ಪೊರೆ ರಕ್ಷಣೆಯೇ. ಆದರೆ ಅದು ಬೆಳೆಯುತ್ತ ಹೋದಂತೆ ಕೆಲಸ ಮಾಡಬೇಕಾದ ಲಿಥಿಯಂ ಸ್ವಲ್ಪ ಸ್ವಲ್ಪವಾಗಿ ಅದರೊಳಗೆ ಸಿಕ್ಕಿಕೊಂಡು ನಿರುಪಯೋಗಿಯಾಗುತ್ತದೆ. ಅದೇ ಬ್ಯಾಟರಿಯ ಹೂಳು.

ಇಲ್ಲಿ ಒಂದು ಮುಖ್ಯ ಮಾತನ್ನು ಗಮನಿಸಬೇಕು. ಈ ಪೊರೆ ಕಾರು ಓಡಿದಾಗ ಮಾತ್ರ ಬೆಳೆಯುವುದಿಲ್ಲ, ನಿಂತಾಗಲೂ ಬೆಳೆಯುತ್ತದೆ. ಬಿಸಿ ಹೆಚ್ಚಾದಷ್ಟೂ ಅದರ ವೇಗ ಹೆಚ್ಚು. ಬ್ಯಾಟರಿಯನ್ನು ಕಂಠಮಟ್ಟ ತುಂಬಿಸಿ ಹಾಗೇ ವಾರಗಟ್ಟಲೆ ನಿಲ್ಲಿಸಿದರೂ ವೇಗ ಹೆಚ್ಚು. ಅಂದರೆ ಬ್ಯಾಟರಿಗೆ ಎರಡು ವಯಸ್ಸು ಇವೆ. ಒಂದು ಓಡಿದ ವಯಸ್ಸು, ಇನ್ನೊಂದು ಪಂಚಾಂಗದ ವಯಸ್ಸು. ಕಿಲೋಮೀಟರಿನ ಮೀಟರು ಮೊದಲನೆಯದನ್ನು ಮಾತ್ರ ಹೇಳುತ್ತದೆ.

ಇನ್ನೊಂದು ಅಪಾಯ ತೀರ ಬರಿದಾಗುವುದು. ಕೋಶದ ವೋಲ್ಟೇಜು ಒಂದು ಮಿತಿಗಿಂತ ಕೆಳಗಿಳಿದರೆ ಒಳಗಿನ ತಾಮ್ರದ ಹಾಳೆಯೇ ಕರಗತೊಡಗುತ್ತದೆ. ಆಮೇಲೆ ಚಾರ್ಜು ಮಾಡಹೋದರೆ ಕೋಶ ಒಳಗೊಳಗೇ ಶಾರ್ಟ್ ಆಗಬಹುದು. ಮುಪ್ಪು ನಿಧಾನವಾಗಿ ಬರುವ ಸಂಗತಿ. ಇದು ಮುಪ್ಪಲ್ಲ, ಮರಣ.

ಕಡಿಮೆ ಓಡಿದ ಕಾರು ಒಳ್ಳೆಯ ಕಾರೇ?

ಮಾರುವವರು ಮೊದಲು ಹೇಳುವ ಮಾತು ಇದು: 'ಕಾರು ಹೆಚ್ಚು ಓಡಿಲ್ಲ, ಶೆಡ್ಡಿನಲ್ಲೇ ಇತ್ತು.' ಪೆಟ್ರೋಲ್ ಕಾರಿನ ವಿಷಯದಲ್ಲಿ ಇದು ಹೊಗಳಿಕೆ. ರೋಡ್‌ಸ್ಟರಿನ ವಿಷಯದಲ್ಲಿ ಇದು ತನಿಖೆ ಮಾಡಬೇಕಾದ ಹೇಳಿಕೆ.

ರೋಡ್‌ಸ್ಟರ್ ನಿಂತಿದ್ದಾಗಲೂ ಸುಮ್ಮನೆ ನಿಂತಿರುವುದಿಲ್ಲ. ಅದರ ಕಾವಲು ಕಂಪ್ಯೂಟರುಗಳು ಎಚ್ಚರವಾಗಿರುತ್ತವೆ. ಬ್ಯಾಟರಿ ಬಿಸಿಯಾದರೆ ತಂಪು ದ್ರವವನ್ನು ಹರಿಸುವ ಪಂಪು ಓಡುತ್ತದೆ. ಇದಕ್ಕೆಲ್ಲ ವಿದ್ಯುತ್ತು ಬರಬೇಕಾದದ್ದು ಅದೇ ಬ್ಯಾಟರಿಯಿಂದ. ಹೀಗಾಗಿ ಬಳಸದೆ ಇರುವಾಗ ಕಾರನ್ನು ಪ್ಲಗ್ಗಿಗೆ ಸಿಕ್ಕಿಸಿಯೇ ಇಡಬೇಕು ಎಂದು ಕಂಪನಿಯ ಕೈಪಿಡಿ ಎಚ್ಚರಿಸಿತ್ತು. ದೀರ್ಘಕಾಲ ನಿಲ್ಲಿಸುವವರಿಗಾಗಿ ಬ್ಯಾಟರಿಯನ್ನು ಪೂರ್ತಿ ತುಂಬಿಸದೆ ಸುಸ್ಥಿತಿಯಲ್ಲಿಡುವ 'ಶೇಖರಣೆ' ಎಂಬ ಚಾರ್ಜಿನ ವಿಧಾನವನ್ನೂ ಕಾರಿನಲ್ಲೇ ಕೊಟ್ಟಿತ್ತು.

ಪ್ಲಗ್ಗಿಗೆ ಹಾಕದೆ ತಿಂಗಳುಗಟ್ಟಲೆ ಬಿಟ್ಟ ಕೆಲವು ರೋಡ್‌ಸ್ಟರುಗಳ ಬ್ಯಾಟರಿ ಪೂರ್ತಿ ಬರಿದಾಗಿ ಮತ್ತೆ ಜೀವ ಹಿಡಿಯಲಿಲ್ಲ ಎಂಬ ಸುದ್ದಿ 2012ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಬಂತು. ಹೊಸ ಬ್ಯಾಟರಿಗೆ ಸುಮಾರು 40,000 ಡಾಲರ್ ಎಂಬ ಅಂಕಿಯೂ ಆಗ ವರದಿಯಾಯಿತು. ಕಾರಿನ ಮೈಯ ಮೇಲೆ ಒಂದು ಗೀರೂ ಇಲ್ಲ, ಮೀಟರಿನಲ್ಲಿ ಕೆಲವೇ ಸಾವಿರ ಮೈಲು. ಆದರೂ ಕಾರು ಅಲುಗುವುದಿಲ್ಲ. ಇಂಥ ಕಾರಿಗೆ 'ಇಟ್ಟಿಗೆಯಾಯಿತು' ಎನ್ನುವುದು ಅಲ್ಲಿನವರ ಬಾಯಲ್ಲಿ ರೂಢಿಯಾಯಿತು.

ಇದರ ಅತಿರೇಕದ ಉದಾಹರಣೆ 2023ರಲ್ಲಿ ಹೊರಬಿತ್ತು. 2010ರಲ್ಲಿ ತಯಾರಾಗಿ ಚೀನಕ್ಕೆ ಹೋದ ಮೂರು ರೋಡ್‌ಸ್ಟರುಗಳು ಒಂದು ದಿನವೂ ರಸ್ತೆಗಿಳಿಯದೆ ಹಡಗಿನ ಕಂಟೇನರುಗಳಲ್ಲೇ ಹದಿಮೂರು ವರ್ಷ ಕೂತಿದ್ದವು. ಹೊಚ್ಚ ಹೊಸ ಕಾರುಗಳು! ಆದರೆ ಹದಿಮೂರು ವರ್ಷ ಪ್ಲಗ್ಗು ಕಾಣದ ಬ್ಯಾಟರಿಯಿಂದ ಏನನ್ನು ನಿರೀಕ್ಷಿಸಬಹುದು ಎಂಬುದನ್ನು ನೀವೇ ಊಹಿಸಬಹುದು. ಸಂಗ್ರಹಕಾರರ ಆಸಕ್ತಿ ಅವುಗಳ ಓಟದ ಮೇಲೆ ಇರಲಿಲ್ಲ, ಅಪರೂಪದ ಮೇಲೆ ಇತ್ತು. ಬೆಲೆಯ ಮಾತು ಬಂದಾಗ ಈ ವ್ಯತ್ಯಾಸಕ್ಕೆ ಮರಳಿ ಬರೋಣ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಪ್ಲಗ್ ಇನ್ ಅಮೆರಿಕ ಎಂಬ ವಿದ್ಯುತ್ ವಾಹನ ಬಳಕೆದಾರರ ಸಂಸ್ಥೆ 2013ರಲ್ಲಿ ನೂರಕ್ಕೂ ಹೆಚ್ಚು ರೋಡ್‌ಸ್ಟರುಗಳ ಮಾಹಿತಿ ಕಲೆಹಾಕಿತು. ಒಂದು ಲಕ್ಷ ಮೈಲು, ಅಂದರೆ 1,60,000 ಕಿಲೋಮೀಟರು ಓಡಿದ ಮೇಲೂ ಬ್ಯಾಟರಿಯಲ್ಲಿ ಸರಾಸರಿ ಶೇಕಡ 80ರಿಂದ 85ರಷ್ಟು ಸಾಮರ್ಥ್ಯ ಉಳಿಯುತ್ತದೆ ಎಂಬುದು ಅದರ ಅಂದಾಜು. ಐವತ್ತು ಸಾವಿರ ಮೈಲಿಗೆ ಶೇಕಡ 70 ಉಳಿದೀತು ಎಂಬುದು ಕಂಪನಿಯ ಮೊದಲ ಎಣಿಕೆಯಾಗಿತ್ತು. ಅದಕ್ಕಿಂತ ಇದು ಎಷ್ಟೋ ಮೇಲು. ಹದವಾಗಿ ಓಡಿಸುತ್ತ, ಪ್ಲಗ್ಗಿಗೆ ಹಾಕುತ್ತ, ತಂಪಾಗಿ ಇಟ್ಟುಕೊಂಡವರ ಕಾರು ಬಾಳಿಕೆ ಬಂತು. ದುಡಿದ ಎತ್ತು ಗಟ್ಟಿಯಾಗಿಯೇ ಇತ್ತು. ಮೇವು ನೀರಿಲ್ಲದೆ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ಎತ್ತು ಸೊರಗಿತು.

ನೋಡಬೇಕಾದ ಹಲ್ಲು

ಹಾಗಾದರೆ ಹೂಳು ಎಷ್ಟಿದೆ ಎಂದು ತಿಳಿಯುವುದು ಹೇಗೆ? ಡ್ಯಾಷ್‌ಬೋರ್ಡಿನ ಶೇಕಡಾವಾರು ಸೂಚಿ ಇದಕ್ಕೆ ಉತ್ತರವಲ್ಲ. ಅದು ತೋರಿಸುವುದು ಕೆರೆ ತುಂಬಿದೆಯೋ ಇಲ್ಲವೋ ಎಂಬುದನ್ನು ಮಾತ್ರ. ಹೂಳು ತುಂಬಿದ ಕೆರೆಯೂ ನೂರಕ್ಕೆ ನೂರು ತುಂಬಬಲ್ಲದು.

ರೋಡ್‌ಸ್ಟರಿನ ಕಂಪ್ಯೂಟರು ತನ್ನ ಬ್ಯಾಟರಿ ಎಷ್ಟು ಹಿಡಿಯಬಲ್ಲದು ಎಂಬುದನ್ನು ತಾನೇ ಲೆಕ್ಕಹಾಕಿ ಬರೆದಿಟ್ಟುಕೊಳ್ಳುತ್ತದೆ. 'ಲೆಕ್ಕಹಾಕಿದ ಆಂಪಿಯರ್-ಗಂಟೆ ಸಾಮರ್ಥ್ಯ' ಎಂಬುದು ಅದರ ಅರ್ಥ. ಬಳಸುವವರು ಚಿಕ್ಕದಾಗಿ 'ಸಿಎಸಿ' ಎನ್ನುತ್ತಾರೆ. ಹೊಸ ಕಾರಿನಲ್ಲಿ ಇದು ಸುಮಾರು 160. ಪ್ರತಿ ಇಟ್ಟಿಗೆಯ 69 ಕೋಶಗಳು ಒಂದೊಂದೂ ಎರಡು ಚಿಲ್ಲರೆ ಆಂಪಿಯರ್-ಗಂಟೆ ಹಿಡಿಯುವುದರಿಂದ ಈ ಅಂಕಿ ಬರುತ್ತದೆ. ಇದೇ ನಾವು ಹುಡುಕುತ್ತಿದ್ದ ಹಲ್ಲು.

ಲೆಕ್ಕ ಸುಲಭ. ಸಿಎಸಿ 160 ಇದ್ದಾಗ 393 ಕಿಲೋಮೀಟರು. 134 ಇದ್ದರೆ ಸುಮಾರು ಶೇಕಡ 84, ಅಂದರೆ ಹೆಚ್ಚುಕಡಿಮೆ 330 ಕಿಲೋಮೀಟರು. 112 ಇದ್ದರೆ ಶೇಕಡ 70, ಅಂದರೆ 275 ಕಿಲೋಮೀಟರು. ಇದು ಸ್ಥೂಲ ಅಂದಾಜು. ಚಾಲಕನ ಕಾಲು, ರಸ್ತೆಯ ಏರಿಳಿತ, ಚಳಿ ಇವುಗಳಿಂದ ಸಂಖ್ಯೆ ಅತ್ತಿತ್ತ ಆಗುತ್ತದೆ. ಆದರೂ ಎರಡು ಕಾರುಗಳನ್ನು ಪಕ್ಕಪಕ್ಕ ಇಟ್ಟು ತೂಗಲು ಇಷ್ಟು ಸಾಕು.

ಸರಾಸರಿ ಅಂಕಿಯೊಂದಿಗೆ ಇನ್ನೊಂದನ್ನೂ ಕೇಳಬೇಕು: ತೊಂಬತ್ತೊಂಬತ್ತು ಇಟ್ಟಿಗೆಗಳಲ್ಲಿ ಅತಿ ದುರ್ಬಲವಾದದ್ದು ಎಷ್ಟರಲ್ಲಿದೆ? ಮದುವೆ ಮನೆಯ ಊಟದ ಪಂಕ್ತಿ ನಿಮಗೆ ಗೊತ್ತು. ಸಂಪ್ರದಾಯಸ್ಥರ ಪಂಕ್ತಿಯಲ್ಲಿ ಒಬ್ಬರು ಎದ್ದರೆ ಉಳಿದವರೂ ಏಳಬೇಕು, ಎಲೆಯಲ್ಲಿ ಹೋಳಿಗೆ ಉಳಿದಿದ್ದರೂ ಸರಿಯೇ. ಸರಣಿಯಲ್ಲಿ ನಿಂತ ಇಟ್ಟಿಗೆಗಳದ್ದೂ ಇದೇ ನಿಯಮ. ಒಂದು ಇಟ್ಟಿಗೆ ಮೊದಲು ಬರಿದಾದರೆ ಉಳಿದ 98ರಲ್ಲಿ ವಿದ್ಯುತ್ತು ಇದ್ದರೂ ಕಾರು ನಿಲ್ಲಲೇಬೇಕು. ಆದ್ದರಿಂದ ಎಲ್ಲ ಇಟ್ಟಿಗೆಗಳೂ ಒಂದೇ ಸಮನಾಗಿ ಮುಪ್ಪಾಗಿರುವ ಬ್ಯಾಟರಿ ಒಳ್ಳೆಯದು. ಒಂದೆರಡು ಮಾತ್ರ ಕುಸಿದಿದ್ದರೆ ಅದು ಮುಪ್ಪಲ್ಲ, ರೋಗ. ಆದರೆ ಇಂಥ ರೋಗಕ್ಕೆ ಮದ್ದೂ ಇದೆ. ಕೆಟ್ಟ ಹಾಳೆಯನ್ನಷ್ಟೇ ತೆಗೆದು ಬದಲಾಯಿಸುವ ಸ್ವತಂತ್ರ ಕಾರ್ಯಾಗಾರಗಳು ಅಮೆರಿಕದಲ್ಲಿ ಕೆಲಸ ಮಾಡಿವೆ. ಎಲ್ಲ ಇಟ್ಟಿಗೆಗಳೂ ಕುಸಿದಿದ್ದರೆ ಪೂರ್ತಿ ಬ್ಯಾಟರಿಯ ಮಾತೇ.

ಈ ಅಂಕಿಗಳು ಸಿಗುವುದು ಎಲ್ಲಿ? ಕಾರಿನಲ್ಲೇ ದಿನಚರಿಯಂಥ ಒಂದು ದಾಖಲೆ ಇರುತ್ತದೆ. ಅದನ್ನು ಸಣ್ಣ ಯುಎಸ್‌ಬಿ ಕಡ್ಡಿಗೆ ಇಳಿಸಿಕೊಳ್ಳಬಹುದು. ಓದಿಕೊಡುವ ಕಂಪ್ಯೂಟರ್ ಕ್ರಮವಿಧಿಯನ್ನು ಕಾರಿನ ಅಭಿಮಾನಿಗಳೇ ಬರೆದಿದ್ದಾರೆ. ಆ ದಾಖಲೆಯನ್ನು ಕಾರಿನ ಜಾತಕ ಎನ್ನಬಹುದು. ಸಾಮರ್ಥ್ಯ ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಇಳಿದಿದೆಯೋ, ಒಮ್ಮೆಲೇ ಕುಸಿದಿದೆಯೋ, ಬಿಸಿಯಲ್ಲಿ ನಿಂತಿತ್ತೋ ಎಂಬುದಕ್ಕೆ ಸಾಕ್ಷಿ ಅದರಲ್ಲಿ ಸಿಗುತ್ತದೆ. ಈ ದಾಖಲೆ ಕೊಡಲು ಹಿಂಜರಿಯುವವರ ಕಾರಿಗೆ ನೀವು ಹಣ ಕೊಡಲು ಹಿಂಜರಿಯುವುದು ನ್ಯಾಯವೇ.

ಕೊಳ್ಳುವ ದಿನ ಮಾಡಬೇಕಾದದ್ದು

ಮೊದಲನೆಯದಾಗಿ, ಹಿಂದಿನ ರಾತ್ರಿ ಕಾರನ್ನು ಪೂರ್ತಿ ಚಾರ್ಜು ಮಾಡಿಡಲು ಹೇಳಿ. ರೋಡ್‌ಸ್ಟರಿನಲ್ಲಿ ದಿನಬಳಕೆಯ ಚಾರ್ಜು ಬೇರೆ, ದೂರ ಪ್ರಯಾಣದ ಪೂರ್ತಿ ಚಾರ್ಜು ಬೇರೆ. ದಿನಬಳಕೆಯದರಲ್ಲಿ ಬ್ಯಾಟರಿಯ ಆಯುಷ್ಯಕ್ಕಾಗಿ ಮೇಲೆ ಕೆಳಗೆ ಸ್ವಲ್ಪ ಜಾಗ ಖಾಲಿ ಬಿಟ್ಟಿರುತ್ತಾರೆ. ಮಾರುವವರು ಹೇಳುವ ದೂರ ಯಾವ ವಿಧಾನದ್ದು ಎಂದು ಕೇಳದಿದ್ದರೆ ಒಳ್ಳೆಯ ಕಾರನ್ನು ಕೆಟ್ಟದ್ದೆಂದೋ ಕೆಟ್ಟದ್ದನ್ನು ಒಳ್ಳೆಯದೆಂದೋ ತಿಳಿದುಬಿಡಬಹುದು.

ಎರಡನೆಯದಾಗಿ, ಸುತ್ತು ಹೊಡೆದು ಮರಳುವ ಐದು ನಿಮಿಷದ ಓಟಕ್ಕೆ ತೃಪ್ತರಾಗಬೇಡಿ. ಕನಿಷ್ಠ 60-80 ಕಿಲೋಮೀಟರು ಓಡಿಸಿ ನೋಡಿ. ಓಡಿದ ದೂರಕ್ಕೂ ಸೂಚಿಯಲ್ಲಿ ಇಳಿದ ದೂರಕ್ಕೂ ತಾಳೆ ಇದೆಯೇ? ಸಿಎಸಿ ಎಂಬುದು ಕಂಪ್ಯೂಟರಿನ ಅಂದಾಜು. ಬಹಳ ದಿನ ಪೂರ್ತಿ ತುಂಬಿಸದೆ, ಪೂರ್ತಿ ಬಳಸದೆ ಇದ್ದ ಕಾರಿನಲ್ಲಿ ಆ ಅಂದಾಜು ದಾರಿ ತಪ್ಪಿರಬಹುದು. ರಸ್ತೆಯೇ ಅದಕ್ಕೆ ಒರೆಗಲ್ಲು.

ಮೂರನೆಯದಾಗಿ, ಹವಾನಿಯಂತ್ರಣ ಕೆಲಸ ಮಾಡುತ್ತದೆಯೇ ನೋಡಿ. 'ಏಸಿ ಒಂದು ಕೆಟ್ಟಿದೆ, ಅದೇನು ದೊಡ್ಡದಲ್ಲ' ಎಂದರೆ ನಂಬಬೇಡಿ. ಈ ಕಾರಿನಲ್ಲಿ ಬ್ಯಾಟರಿಯ ದ್ರವವನ್ನು ತಂಪು ಮಾಡುವುದೂ ಅದೇ ಯಂತ್ರ. ಏಸಿ ಕೆಟ್ಟು ಎರಡು ಬೇಸಿಗೆ ಕಳೆದ ಕಾರು ಎಂದರೆ ಬ್ಯಾಟರಿ ಎರಡು ಬೇಸಿಗೆ ಬೆಂದಿರಬಹುದು. ತಂಪು ದ್ರವ ಸೋರಿದ ಗುರುತು ಕೆಳಗೆ ಇದೆಯೇ ಎಂದೂ ಬಗ್ಗಿ ನೋಡಿ.

ನಾಲ್ಕನೆಯದಾಗಿ, ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ಹೊಂದಿಸಿ ಕೊಡುವ ನಿಯಂತ್ರಕ ಪೆಟ್ಟಿಗೆ ಕಾರಿನ ಹಿಂಭಾಗದಲ್ಲಿದೆ. ಅದನ್ನು ಗಾಳಿಯೇ ತಂಪು ಮಾಡುತ್ತದೆ. ಹೀಗಾಗಿ ಧೂಳು ಕಟ್ಟಿಕೊಳ್ಳುತ್ತದೆ. ಧೂಳು ಕಟ್ಟಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ಕಾರು ತಾನಾಗಿ ಶಕ್ತಿ ತಗ್ಗಿಸುತ್ತದೆ. ಅದನ್ನು ಕಾಲಕಾಲಕ್ಕೆ ಶುಚಿ ಮಾಡಿಸಿದ ರಸೀದಿ ಕೇಳಿ. 2009 ಮತ್ತು 2010ರಲ್ಲಿ ಕಂಪನಿ ಕೆಲವು ಕಾರುಗಳನ್ನು ವಾಪಸು ಕರೆಸಿ ದೋಷ ಸರಿಪಡಿಸಿತ್ತು. ಆ ಕೆಲಸ ಈ ಕಾರಿಗೆ ಆಗಿದೆಯೇ ಎಂದೂ ವಿಚಾರಿಸಿ.

ಐದನೆಯದಾಗಿ, ಚಾರ್ಜಿನ ತಂತಿ. ರೋಡ್‌ಸ್ಟರಿನ ಪ್ಲಗ್ಗು ಅದಕ್ಕೇ ಮೀಸಲಾದ ಜಾತಿಯದು, ಇಂದಿನ ಯಾವ ಸಾರ್ವಜನಿಕ ಚಾರ್ಜರಿಗೂ ನೇರವಾಗಿ ಹೊಂದುವುದಿಲ್ಲ. ಮೂಲ ತಂತಿ ಮತ್ತು ಹೊಂದಾಣಿಕೆಯ ತುಂಡು ಕಾರಿನ ಜತೆಗೇ ಬರುತ್ತವೆಯೇ ಎಂದು ಬರೆಸಿಕೊಳ್ಳಿ. ಎತ್ತು ಕೊಂಡು ಮೂಗುದಾರ ಮರೆತರೆ ಮನೆಗೆ ಹೊಡೆದುಕೊಂಡು ಬರುವುದು ಹೇಗೆ?

ಕೊನೆಯದಾಗಿ, ಕಾರ್ಬನ್ ಫೈಬರಿನ ಮೈ ಮತ್ತು ಅಂಟಿಸಿ ಕೂಡಿಸಿದ ಅಲ್ಯೂಮಿನಿಯಂ ಚೌಕಟ್ಟು ಅಪಘಾತದಲ್ಲಿ ಪೆಟ್ಟು ತಿಂದರೆ ಸಾಮಾನ್ಯ ಗ್ಯಾರೇಜಿನವರ ಕೈಗೆ ಬಗ್ಗುವುದಿಲ್ಲ. ಅಡಿಭಾಗವನ್ನು ತಜ್ಞರಿಂದ ನೋಡಿಸಿ. ಆದರೆ ಬ್ಯಾಟರಿ ಪೆಟ್ಟಿಗೆಯನ್ನು ಮಾತ್ರ ಕುತೂಹಲಕ್ಕೂ ಬಿಚ್ಚಬೇಡಿ, ಬಿಚ್ಚಲು ಬಿಡಬೇಡಿ. ಒಳಗಿರುವುದು ಸುಮಾರು 375 ವೋಲ್ಟಿನ ನೇರ ವಿದ್ಯುತ್ತು. ಜೀವಕ್ಕೆ ಅಪಾಯ.

ಬೆಲೆಯ ಲೆಕ್ಕ

ಈಗ ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಕೆಳಗಿನ ಬೆಲೆಗಳು ಲೆಕ್ಕ ತೋರಿಸಲು ಇಟ್ಟುಕೊಂಡ ಅಂಕಿಗಳೇ ಹೊರತು ಪೇಟೆಯ ಧಾರಣೆಯಲ್ಲ.

ಒಂದೇ ವರ್ಷ, ಅಂದರೆ 2010ರಲ್ಲಿ ತಯಾರಾದ ಎರಡು ಕಾರುಗಳಿವೆ ಎಂದಿಟ್ಟುಕೊಳ್ಳಿ. ಮೊದಲನೆಯದು 90,000 ಕಿಲೋಮೀಟರು ಓಡಿದೆ. ಸಿಎಸಿ 134, ಇಟ್ಟಿಗೆಗಳೆಲ್ಲ ಸಮ, ದಾಖಲೆ ಪೂರ್ತಿ ಇದೆ. ಎರಡನೆಯದು ಓಡಿರುವುದು 8,000 ಕಿಲೋಮೀಟರು ಮಾತ್ರ, ಮೈ ಕನ್ನಡಿಯಂತಿದೆ. ಆದರೆ ಸಿಎಸಿ 112, ಎರಡು ಇಟ್ಟಿಗೆ ಇನ್ನೂ ಕೆಳಗಿವೆ. ಐದು ವರ್ಷ ಶೆಡ್ಡಿನಲ್ಲಿತ್ತು, ಪ್ಲಗ್ಗಿಗೆ ಹಾಕಿದ್ದರೋ ಇಲ್ಲವೋ ನೆನಪಿಲ್ಲ ಎನ್ನುತ್ತಾರೆ. ಮಾರುವವರು ಎರಡನೆಯದಕ್ಕೇ 10,000 ಡಾಲರ್ ಹೆಚ್ಚು ಕೇಳುತ್ತಾರೆ, 'ಕಡಿಮೆ ಓಡಿದೆ' ಎಂಬ ಕಾರಣಕ್ಕೆ.

ಲೆಕ್ಕವನ್ನು ನಾಲ್ಕು ಮೆಟ್ಟಿಲಲ್ಲಿ ಹಾಕಿ. ಒಂದು, ಬ್ಯಾಟರಿ ಗಟ್ಟಿಯಾಗಿದ್ದ ಇದೇ ವರ್ಷದ ಕಾರುಗಳು ಈಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟವಾದವು ನೋಡಿ. ಕೇಳಿದ ಬೆಲೆ ಬೇಡ, ಕೈ ಬದಲಾದ ಬೆಲೆ ಬೇಕು. ಅದು 80,000 ಎಂದಿರಲಿ. ಎರಡು, ಬ್ಯಾಟರಿಯನ್ನು ಸರಿಪಡಿಸಲು ಅಥವಾ ಬದಲಿಸಲು ಇಂದು ಎಷ್ಟು ಖರ್ಚು ಎಂದು ಕೆಲಸ ಮಾಡುವವರಿಂದಲೇ ಲಿಖಿತವಾಗಿ ಕೇಳಿ. ಅದು 30,000 ಎಂದಿರಲಿ. ಮೂರು, ಆ ಖರ್ಚು ಎಷ್ಟು ಬೇಗ ನಿಮ್ಮ ತಲೆಯ ಮೇಲೆ ಬೀಳುತ್ತದೆ ಎಂದು ತೂಗಿ. ಮೊದಲ ಕಾರಿನಲ್ಲಿ ಅದು ದೂರದ ಮಾತು, 80,000ದಲ್ಲಿ ಸ್ವಲ್ಪ ಕಳೆದರೆ ಸಾಕು. ಎರಡನೆಯದರಲ್ಲಿ ಅದು ಬಾಗಿಲಲ್ಲೇ ನಿಂತಿದೆ, ಬಹುಪಾಲು ಕಳೆಯಲೇಬೇಕು. ನಾಲ್ಕು, ಟೈರು, ಏಸಿ, ತಂತಿ ಮುಂತಾದ ಬಿಡಿ ಖರ್ಚು ಕಳೆಯಿರಿ.

ಹೀಗೆ ಕಳೆದಾಗ, ಓಡಿಸುವವರ ಪಾಲಿಗೆ ಎರಡನೆಯ ಕಾರಿನ ಬೆಲೆ 50,000ದ ಆಸುಪಾಸಿಗೆ ಬಂದು ನಿಲ್ಲುತ್ತದೆ. ಹೆಚ್ಚು ಓಡಿದ ಕಾರೇ ಹೆಚ್ಚು ಬಾಳುವ ಕಾರಾಯಿತು!

ಇಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. 'ಕಾರು ಅಪರೂಪದ್ದಲ್ಲವೇ? ಅದಕ್ಕೆ ಬೆಲೆ ಇಲ್ಲವೇ?' ಖಂಡಿತ ಇದೆ. 2,450 ಕಾರುಗಳಷ್ಟೇ ತಯಾರಾದವು, ಇನ್ನು ತಯಾರಾಗುವುದಿಲ್ಲ. ಚೀನದ ಆ ಮೂರು ಕಾರುಗಳಿಗೆ ಗಿರಾಕಿ ಬಂದದ್ದು ಇದರಿಂದಲೇ. ಆದರೆ ಅದು ವಿಗ್ರಹದ ಬೆಲೆ, ವಾಹನದ ಬೆಲೆಯಲ್ಲ. ನೋಡಿ ಆನಂದಿಸಲು ಕೊಳ್ಳುವವರಿಗೆ ಓಡದ ಕಾರೂ ಸಮ್ಮತ. ದಿನಾ ಓಡಿಸಲು ಕೊಳ್ಳುವವರು ಆ ಬೆಲೆ ತೆತ್ತರೆ ಎರಡು ಸಲ ತೆತ್ತಂತೆ: ಒಮ್ಮೆ ಮಾರುವವರಿಗೆ, ಇನ್ನೊಮ್ಮೆ ಬ್ಯಾಟರಿಗೆ. ಹಣ ಕೊಡುವ ಮೊದಲು 'ನಾನು ಕೊಳ್ಳುತ್ತಿರುವುದು ಯಾವುದನ್ನು?' ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಬ್ಯಾಟರಿ ಈಗಾಗಲೇ ಬದಲಾಗಿದೆಯೇ ಎಂಬುದನ್ನೂ ವಿಚಾರಿಸಬೇಕು. 2015ರಲ್ಲಿ ಕಂಪನಿಯೇ ಹಳೆಯ ರೋಡ್‌ಸ್ಟರುಗಳಿಗೆ 29,000 ಡಾಲರಿಗೆ ಸುಧಾರಿತ ಬ್ಯಾಟರಿ ಹಾಕಿಕೊಡಲು ಮುಂದೆ ಬಂದಿತ್ತು. ಮೂಲ ಕಾರಿಗಿಂತ ಶೇಕಡ 40ರಿಂದ 50ರಷ್ಟು ಹೆಚ್ಚು ದೂರ ಎಂಬುದು ಅದರ ಭರವಸೆ. ಅಂಥ ಕಾರಿನಲ್ಲಿ 160ರ ಅಳತೆಗೋಲು ನಡೆಯುವುದಿಲ್ಲ. ಹೊಸ ಬ್ಯಾಟರಿ ಹಾಕಿದ ದಿನದಿಂದ ಬೇರೆ ಲೆಕ್ಕ ಶುರು. ರಸೀದಿ ನೋಡದೆ ಬರಿಯ ಬಾಯಿಮಾತಿಗೆ ಬೆಲೆ ಏರಿಸಬೇಡಿ.

ನಮಗೂ ಇದಕ್ಕೂ ಏನು ಸಂಬಂಧ?

ನಮ್ಮ ದೇಶದ ಸಾಮಾನ್ಯ ಆಮದು ನಿಯಮದಂತೆ ಮೂರು ವರ್ಷಕ್ಕಿಂತ ಹಳೆಯದಾದ ಬಳಸಿದ ಕಾರನ್ನು ಹೊರಗಿನಿಂದ ತರುವಂತಿಲ್ಲ. ಆದ್ದರಿಂದ ರೋಡ್‌ಸ್ಟರ್ ಕೊಳ್ಳುವ ಪ್ರಶ್ನೆ ಅಲ್ಲಿ ನೆಲೆಸಿರುವ ನಮ್ಮ ಬಂಧುಗಳದ್ದು. ಆದರೆ ಪಾಠ ಇಲ್ಲಿಯದೂ ಹೌದು, ನಮಗೆ ತೀರ ಹೊಸದೂ ಅಲ್ಲ. ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ರಸ್ತೆಗಿಳಿದ ಪುಟ್ಟ ರೇವಾ ಕಾರು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅದರಲ್ಲಿ ಇದ್ದದ್ದು ಆರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು. ಹಳೆಯ ರೇವಾ ಕೊಳ್ಳುವವರೂ ಮೊದಲು ಕೇಳಬೇಕಾಗಿದ್ದ ಪ್ರಶ್ನೆ 'ಬ್ಯಾಟರಿ ಯಾವಾಗ ಹಾಕಿಸಿದ್ದು?' ಎಂಬುದೇ.

ಈಗ ನಮ್ಮ ಪೇಟೆಯಲ್ಲಿ ಲಿಥಿಯಂ ಬ್ಯಾಟರಿಯ ಕಾರುಗಳು ಎರಡನೆಯ ಕೈಗೆ ಬರುತ್ತಿವೆ. ಅನೇಕ ಕಾರುಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ಖಾತರಿ ಇರುತ್ತದೆ. ಎಷ್ಟು ಉಳಿದಿದೆ, ಎರಡನೆಯ ಮಾಲೀಕರಿಗೂ ಅದು ಸಲ್ಲುತ್ತದೆಯೇ ಎಂದು ಖಾತರಿ ಪತ್ರದಲ್ಲೇ ಓದಿ ನೋಡಿ. ಕಂಪನಿಯ ಸೇವಾ ಕೇಂದ್ರದಲ್ಲಿ ಬ್ಯಾಟರಿಯ ಆರೋಗ್ಯದ ವರದಿ ಕೇಳಿ ಪಡೆಯಿರಿ. ಕಾರು ಯಾವ ಊರಿನಲ್ಲಿ ಇತ್ತು, ನೆರಳಿನಲ್ಲೋ ಬಿಸಿಲಿನಲ್ಲೋ, ದಿನಾ ನೂರರವರೆಗೆ ತುಂಬಿಸುತ್ತಿದ್ದರೋ ಎಂದು ವಿಚಾರಿಸಿ. ಕಲಬುರಗಿಯ ಬೇಸಿಗೆಯಲ್ಲಿ ಬಯಲಲ್ಲಿ ನಿಂತ ಕಾರಿಗೂ ಮಡಿಕೇರಿಯ ತಂಪಿನಲ್ಲಿದ್ದ ಕಾರಿಗೂ ಮೀಟರಿನ ಸಂಖ್ಯೆ ಒಂದೇ ಇರಬಹುದು, ವಯಸ್ಸು ಒಂದೇ ಇರಲಾರದು.

ಇನ್ನು ನೀವೇ ಮಾರುವವರಾದರೆ? ಬ್ಯಾಟರಿಯ ವರದಿಯನ್ನು ಕೇಳುವ ಮೊದಲೇ ಮುಂದಿಡಿ. ಬ್ಯಾಟರಿ ಗಟ್ಟಿಯಾಗಿದ್ದರೆ ಅದು ನಿಮಗೆ ನ್ಯಾಯವಾದ ಬೆಲೆ ತರುತ್ತದೆ. ಸೊರಗಿದ್ದರೆ ಬೆಲೆ ಇಳಿಯುತ್ತದೆ, ನಿಜ. ಆದರೆ ಕೊಂಡವರು ನಡುದಾರಿಯಲ್ಲಿ ನಿಂತು ನಿಮ್ಮನ್ನು ಶಪಿಸುವುದು ತಪ್ಪುತ್ತದೆ. ಹಳೆಯ ಕಾರಿಗೆ ಕೂಡಿಟ್ಟ ಹಣ ಹಾಕುವವರು ಸಾಮಾನ್ಯವಾಗಿ ಹೊಸದಕ್ಕೆ ಹಣ ಸಾಲದವರೇ ತಾನೆ?

ಮೈಹೊಳಪು ನೋಡಿ, ತಪ್ಪಿಲ್ಲ. ಮೀಟರಿನ ಸಂಖ್ಯೆಯನ್ನೂ ನೋಡಿ. ಆಮೇಲೆ ಜಾತ್ರೆಯ ರೈತನಂತೆ ಬಾಯಿ ಬಿಡಿಸಿ ಹಲ್ಲು ನೋಡಿ. ಬೆಲೆಯ ಮಾತು ಅಲ್ಲಿಂದ ಶುರುವಾಗಲಿ.